ಜಾನ್ ಸ್ನೋ (ವೈದ್ಯ)

ಜಾನ್ ಸ್ನೋ (15 ಮಾರ್ಚ್ 1813 – 16 ಜೂನ್ 1858) ಇಂಗ್ಲೆಂಡಿನ ವೈದ್ಯ, ಅರಿವಳಿಕೆ ತಜ್ಞ ಮತ್ತು ಆಧುನಿಕ ಸಾಂಕ್ರಾಮಿಕ ರೋಗಶಾಸ್ತ್ರದ ಸ್ಥಾಪಕರಲ್ಲಿ ಒಬ್ಬ. ಕಾಲರಾ ಅಥವಾ ವಾಂತಿಭೇದಿ ಕೆಟ್ಟ ಗಾಳಿಯಿಂದ ಹರಡುತ್ತದೆಂದು ಯುರೋಪಿನ ಬಹುಪಾಲು ವೈದ್ಯರು ನಂಬಿದ್ದ ಕಾಲದಲ್ಲಿ, ಅದು ರೋಗಿಯ ಮಲದಿಂದ ಕಲುಷಿತವಾದ ನೀರು ಮತ್ತು ಆಹಾರದ ಮೂಲಕ ಬಾಯಿಯಿಂದ ಒಳಸೇರುವ ಕರುಳಿನ ರೋಗವೆಂದು ಈತ ಪ್ರತಿಪಾದಿಸಿದನು. 1854ರಲ್ಲಿ ಲಂಡನ್ನಿನ ಸೋಹೊ ಬಡಾವಣೆಯ ಬ್ರಾಡ್ ಸ್ಟ್ರೀಟಿನ ಕೈಪಂಪಿಗೂ ಅಲ್ಲಿನ ನೂರಾರು ಸಾವುಗಳಿಗೂ ಇದ್ದ ಸಂಬಂಧವನ್ನು ತೋರಿಸಿದ್ದು ಈತನ ಪ್ರಸಿದ್ಧ ಸಾಧನೆ. ಕಾಲರಾ ರೋಗಿಯ ಪ್ರಾಣಕ್ಕೆ ಎರವಾಗುವುದು ದೇಹದ ನೀರು ಬರಿದಾಗುವುದರಿಂದ ಎಂಬ ಈತನ ವಿವರಣೆಯನ್ನು ನಂತರದ ವಿಜ್ಞಾನ ಸಮರ್ಥಿಸಿತು. ಅತಿಸಾರದ ಇಂದಿನ ಚಿಕಿತ್ಸೆ ನಿಂತಿರುವುದು ಇದೇ ತಿಳಿವಳಿಕೆಯ ಮೇಲೆ.

ಬಾಲ್ಯ ಮತ್ತು ಆರಂಭಿಕ ತರಬೇತಿ

ಸ್ನೋ ಇಂಗ್ಲೆಂಡಿನ ಉತ್ತರ ಭಾಗದ ಯಾರ್ಕ್ ನಗರದಲ್ಲಿ, ವಿಲಿಯಂ ಸ್ನೋ ಮತ್ತು ಫ್ರಾನ್ಸಿಸ್ ದಂಪತಿಗಳ ಒಂಬತ್ತು ಮಕ್ಕಳಲ್ಲಿ ಹಿರಿಯನಾಗಿ ಜನಿಸಿದನು. ತಂದೆ ಕೂಲಿ ಕೆಲಸಗಾರನಾಗಿದ್ದು ಮುಂದೆ ಕೃಷಿಕನಾದನು. ಕುಟುಂಬ ವಾಸವಾಗಿದ್ದ ಓಣಿ ಊಸ್ ನದಿಗೆ ಹತ್ತಿರವಿತ್ತು. ನಗರದ ಬಡವರು ನೆಲೆಸಿದ್ದ ಆ ಭಾಗ ಪ್ರವಾಹಕ್ಕೆ ಪದೇ ಪದೇ ತುತ್ತಾಗುತ್ತಿತ್ತು.

1827ರಲ್ಲಿ, 14ನೆಯ ವಯಸ್ಸಿನಲ್ಲಿ, ಈತನನ್ನು ನ್ಯೂಕ್ಯಾಸಲ್ ನಗರದ ವಿಲಿಯಂ ಹಾರ್ಡ್‌ಕ್ಯಾಸಲ್ ಎಂಬ ವೈದ್ಯನ ಬಳಿ ಕೆಲಸ ಕಲಿಯಲು ಸೇರಿಸಲಾಯಿತು. 1831ರಲ್ಲಿ ಕಾಲರಾ ಮೊದಲ ಬಾರಿಗೆ ಬ್ರಿಟನ್ನನ್ನು ಪ್ರವೇಶಿಸಿತು. ಸಂಡರ್‌ಲೆಂಡ್ ಬಂದರಿನಲ್ಲಿ ಕಾಣಿಸಿಕೊಂಡ ರೋಗ ಬೇಗನೆ ನ್ಯೂಕ್ಯಾಸಲ್ ಸುತ್ತಲಿನ ಗಣಿಗಳಿಗೂ ಹರಡಿತು. ಆಗಿನ್ನೂ 18 ವರ್ಷದ ಸ್ನೋನನ್ನು ಕಿಲ್ಲಿಂಗ್‌ವರ್ತ್ ಕಲ್ಲಿದ್ದಲು ಗಣಿಯ ಕಾರ್ಮಿಕರ ಶುಶ್ರೂಷೆಗೆ ಕಳುಹಿಸಲಾಯಿತು. ಬೆಳಗ್ಗೆ ಆರೋಗ್ಯವಾಗಿದ್ದವರು ಸಂಜೆಯೊಳಗೆ ಸಾಯುವುದನ್ನು ಈತ ಅಲ್ಲಿ ಕಂಡನು. ರಕ್ತ ತೆಗೆಯುವುದು, ಪಾದರಸದ ಔಷಧ, ಅಫೀಮು ಮುಂತಾದ ಅಂದಿನ ಚಿಕಿತ್ಸೆಗಳಿಂದ ರೋಗಿಗಳಿಗೆ ಪ್ರಯೋಜನವಾಗುತ್ತಿರಲಿಲ್ಲ.

ಗಣಿಯ ಆಳದಲ್ಲಿ ದಿನವಿಡೀ ದುಡಿಯುವವರಿಗೆ ಕಾಲರಾ ಹೆಚ್ಚಾಗಿ ತಗಲುವುದೇಕೆ ಎಂಬ ಪ್ರಶ್ನೆಗೆ ಸ್ನೋ ಮುಂದೆ ತನ್ನ ಗ್ರಂಥದಲ್ಲಿ ಉತ್ತರ ನೀಡಿದನು. ಗಣಿಯೊಳಗೆ ಶೌಚಕ್ಕೆ ವ್ಯವಸ್ಥೆ ಇರಲಿಲ್ಲ, ಕೈತೊಳೆಯಲು ನೀರಿರಲಿಲ್ಲ, ಕಾರ್ಮಿಕರು ಬುತ್ತಿಯನ್ನು ಅದೇ ಕೈಯಲ್ಲಿ ಕತ್ತಲಲ್ಲೇ ತಿನ್ನುತ್ತಿದ್ದರು.

ತರಬೇತಿಯ ದಿನಗಳಲ್ಲೇ, ಸುಮಾರು 17ನೆಯ ವಯಸ್ಸಿನಲ್ಲಿ, ಸ್ನೋ ಸಸ್ಯಾಹಾರಿಯಾದನು. ಕೆಲವು ವರ್ಷಗಳ ನಂತರ ಮದ್ಯವನ್ನೂ ಸಂಪೂರ್ಣವಾಗಿ ತ್ಯಜಿಸಿ ಪಾನನಿರೋಧ ಚಳವಳಿಯಲ್ಲಿ ಭಾಗವಹಿಸಿದನು. ಕುಡಿಯುವ ನೀರಿನ ಶುದ್ಧತೆಯ ವಿಷಯದಲ್ಲಿ ಈತ ಮೊದಲಿನಿಂದಲೂ ಬಹಳ ಕಟ್ಟುನಿಟ್ಟಾಗಿದ್ದನು.

ಲಂಡನ್ನಿನಲ್ಲಿ ಶಿಕ್ಷಣ ಮತ್ತು ವೃತ್ತಿ

ಬರ್ನಾಪ್‌ಫೀಲ್ಡ್ ಮತ್ತು ಪೇಟ್ಲಿ ಬ್ರಿಜ್ ಎಂಬ ಊರುಗಳಲ್ಲಿ ವೈದ್ಯರ ಸಹಾಯಕನಾಗಿ ಕೆಲಸ ಮಾಡಿದ ಬಳಿಕ ಸ್ನೋ 1836ರಲ್ಲಿ ಲಂಡನ್ನಿಗೆ ಬಂದು ಹಂಟೇರಿಯನ್ ವೈದ್ಯಕೀಯ ಶಾಲೆಯನ್ನು ಸೇರಿದನು. ವೆಸ್ಟ್‌ಮಿನ್‌ಸ್ಟರ್ ಆಸ್ಪತ್ರೆಯಲ್ಲಿಯೂ ತರಬೇತಿ ಪಡೆದನು. 1838ರಲ್ಲಿ ರಾಯಲ್ ಕಾಲೇಜ್ ಆಫ್ ಸರ್ಜನ್ಸ್‌ನ ಸದಸ್ಯತ್ವ ದೊರೆಯಿತು. ಸೋಹೊ ಬಡಾವಣೆಯ ಫ್ರಿತ್ ಸ್ಟ್ರೀಟಿನಲ್ಲಿ ಮನೆ ಹಿಡಿದು ವೃತ್ತಿ ಆರಂಭಿಸಿದನು. 1844ರಲ್ಲಿ ಲಂಡನ್ ವಿಶ್ವವಿದ್ಯಾಲಯದಿಂದ ಎಂ.ಡಿ. ಪದವಿ ಪಡೆದನು.

ಧನಬಲವಾಗಲಿ ಪ್ರಭಾವಿ ಬಂಧುಗಳಾಗಲಿ ಇಲ್ಲದ ಸ್ನೋಗೆ ಮೊದಲ ವರ್ಷಗಳಲ್ಲಿ ರೋಗಿಗಳು ಕಡಿಮೆಯಿದ್ದರು. ವೆಸ್ಟ್‌ಮಿನ್‌ಸ್ಟರ್ ಮೆಡಿಕಲ್ ಸೊಸೈಟಿಯ ಸಭೆಗಳಿಗೆ ತಪ್ಪದೆ ಹೋಗಿ ಪ್ರಬಂಧಗಳನ್ನು ಓದುವುದರ ಮೂಲಕ ಈತ ಕ್ರಮೇಣ ಪರಿಚಿತನಾದನು. 1850ರಲ್ಲಿ ಸ್ಥಾಪನೆಯಾದ ಲಂಡನ್ನಿನ ಸಾಂಕ್ರಾಮಿಕ ರೋಗಶಾಸ್ತ್ರ ಸಂಘದ ಆರಂಭಿಕ ಸದಸ್ಯರಲ್ಲಿ ಈತನೂ ಒಬ್ಬ. 1855ರಲ್ಲಿ ಲಂಡನ್ ಮೆಡಿಕಲ್ ಸೊಸೈಟಿಯ ಅಧ್ಯಕ್ಷನಾದನು.

ಅರಿವಳಿಕೆ ಕ್ಷೇತ್ರದ ಕೆಲಸ

1846ರ ಅಕ್ಟೋಬರಿನಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಈಥರ್ ಬಳಸಿ ಶಸ್ತ್ರಚಿಕಿತ್ಸೆ ನಡೆಸಿದ ಸುದ್ದಿ ವರ್ಷದ ಕೊನೆಯ ಹೊತ್ತಿಗೆ ಲಂಡನ್ನನ್ನು ತಲುಪಿತು. ಈಥರಿನ ಆವಿಯನ್ನು ಎಷ್ಟು ಕೊಡಬೇಕೆಂಬ ಅಳತೆ ಯಾರಿಗೂ ತಿಳಿದಿರಲಿಲ್ಲ. ಉಷ್ಣತೆಗೆ ತಕ್ಕಂತೆ ಗಾಳಿಯಲ್ಲಿ ಸೇರುವ ಆವಿಯ ಪ್ರಮಾಣ ಬದಲಾಗುತ್ತದೆಂಬುದನ್ನು ಸ್ನೋ ಲೆಕ್ಕಹಾಕಿ, ಪ್ರಮಾಣವನ್ನು ಹತೋಟಿಯಲ್ಲಿಡುವ ಉಸಿರಾಟದ ಸಾಧನವನ್ನು ರೂಪಿಸಿದನು. 1847ರಲ್ಲಿ ಈಥರ್ ಕುರಿತ ಪುಸ್ತಕವನ್ನು ಪ್ರಕಟಿಸಿದನು. ಅದೇ ವರ್ಷ ಕ್ಲೋರೋಫಾರಂ ಬಳಕೆಗೆ ಬಂದಾಗ ಅದನ್ನೂ ಇದೇ ರೀತಿ ಅಧ್ಯಯನ ಮಾಡಿದನು. 1853ರ ಏಪ್ರಿಲ್ 7ರಂದು ರಾಜಕುಮಾರ ಲಿಯೋಪೋಲ್ಡ್ ಹಾಗೂ 1857ರ ಏಪ್ರಿಲ್ 14ರಂದು ರಾಜಕುಮಾರಿ ಬಿಯಾಟ್ರಿಸ್ ಜನಿಸಿದಾಗ ವಿಕ್ಟೋರಿಯಾ ರಾಣಿಗೆ ಕ್ಲೋರೋಫಾರಂ ನೀಡಿದವನು ಸ್ನೋ. ಹೆರಿಗೆಯಲ್ಲಿ ಅರಿವಳಿಕೆ ಕೊಡುವುದಕ್ಕೆ ಇದ್ದ ವಿರೋಧ ಕಡಿಮೆಯಾಗಲು ಇದು ನೆರವಾಯಿತು.

ಈ ಅನುಭವಕ್ಕೂ ಕಾಲರಾ ಕುರಿತ ಈತನ ಚಿಂತನೆಗೂ ಸಂಬಂಧವಿದೆ. ಆವಿಗಳು ಗಾಳಿಯಲ್ಲಿ ಹೇಗೆ ಬೆರೆತು ತೆಳುವಾಗುತ್ತವೆ ಎಂಬುದನ್ನು ಅಳೆದು ತಿಳಿದಿದ್ದ ಸ್ನೋಗೆ, ದೂರದ ಕೊಳಕಿನಿಂದ ಹೊರಟ ದುರ್ವಾಸನೆ ಒಂದು ಮನೆಯವರನ್ನು ಕೊಂದು ಪಕ್ಕದ ಮನೆಯವರನ್ನು ಬಿಡುತ್ತದೆಂಬ ಮಾತು ಒಪ್ಪಿಗೆಯಾಗಲಿಲ್ಲ.

ಕಾಲರಾ ಕುರಿತು ಅಂದಿನ ತಿಳಿವಳಿಕೆ

ಗಂಗಾ ನದಿಯ ಮುಖಜ ಭೂಮಿಯಲ್ಲಿ ಬಹುಕಾಲದಿಂದ ಇದ್ದ ಕಾಲರಾ 1817ರ ನಂತರ ವ್ಯಾಪಾರ ಮತ್ತು ಸೈನ್ಯದ ಸಂಚಾರದೊಂದಿಗೆ ಹೊರ ಪ್ರದೇಶಗಳಿಗೆ ಹಬ್ಬಿತು. ಕೊಳೆತ ವಸ್ತುಗಳಿಂದ ಏಳುವ ವಿಷಗಾಳಿಯೇ ಇದಕ್ಕೆ ಕಾರಣವೆಂಬುದು ಪ್ರಬಲವಾದ ಅಭಿಪ್ರಾಯವಾಗಿತ್ತು. ಇದನ್ನು ಮಯಾಸ್ಮಾ ಸಿದ್ಧಾಂತ ಎನ್ನುತ್ತಾರೆ. ಲಂಡನ್ನಿನ ನೈರ್ಮಲ್ಯ ಸುಧಾರಕ ಎಡ್ವಿನ್ ಚಾಡ್ವಿಕ್ ಮತ್ತು ಅಂಕಿಅಂಶ ತಜ್ಞ ವಿಲಿಯಂ ಫಾರ್ ಇದನ್ನು ಒಪ್ಪಿದ್ದರು. ವಾಸನೆಯನ್ನು ಹೋಗಲಾಡಿಸಲೆಂದು ಮನೆಗಳ ಮಲಗುಂಡಿಗಳನ್ನು ಚರಂಡಿಗೆ ಜೋಡಿಸಿ ಹೊಲಸನ್ನೆಲ್ಲ ಥೇಮ್ಸ್ ನದಿಗೆ ಬಿಡಲಾಯಿತು. ನಗರದ ಹಲವು ನೀರಿನ ಕಂಪನಿಗಳು ಅದೇ ನದಿಯಿಂದ ಕುಡಿಯುವ ನೀರನ್ನು ಎತ್ತುತ್ತಿದ್ದವು.

ರೋಗದ ಸ್ವರೂಪವನ್ನು ಕುರಿತು ಕೆಲವು ಮುಖ್ಯ ಸಂಗತಿಗಳು ಮೊದಲೇ ತಿಳಿದಿದ್ದವು. ಕಾಲರಾ ರೋಗಿಗಳ ರಕ್ತದಲ್ಲಿ ನೀರು ಮತ್ತು ಲವಣಗಳು ಬಹಳ ಕಡಿಮೆಯಾಗಿರುತ್ತವೆಂದು ವಿಲಿಯಂ ಓಷಾನಸಿ ಎಂಬ ಯುವ ವೈದ್ಯ ತೋರಿಸಿದ್ದನು. ಅದನ್ನು ಆಧರಿಸಿ 1832ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಲಟ್ಟಾ ರೋಗಿಗಳ ರಕ್ತನಾಳಕ್ಕೆ ಉಪ್ಪುನೀರು ಹರಿಸಿದನು. ಸಾವಿನಂಚಿನಲ್ಲಿದ್ದ ಕೆಲವರು ಚೇತರಿಸಿಕೊಂಡರು. ಆದರೆ ನೀರಿನ ನಷ್ಟ ಮುಂದುವರಿದಂತೆ ಹಲವರು ಮತ್ತೆ ಕುಸಿದು ಸತ್ತರು. ಆ ಚಿಕಿತ್ಸೆಯನ್ನು ವೈದ್ಯಲೋಕ ಕೈಬಿಟ್ಟಿತು.

ಕರುಳಿನ ರೋಗವೆಂಬ ವಾದ

1848–49ರ ಸಾಂಕ್ರಾಮಿಕದಲ್ಲಿ ಲಂಡನ್ನಿನಲ್ಲಿ ಸುಮಾರು 14,000 ಮಂದಿ ಕಾಲರಾದಿಂದ ಸತ್ತರು. 1848ರ ಸೆಪ್ಟೆಂಬರಿನಲ್ಲಿ ಹ್ಯಾಂಬರ್ಗ್‌ನಿಂದ ಬಂದ ನಾವಿಕನೊಬ್ಬ ಹಾರ್ಸ್‌ಲಿಡೌನ್ ಎಂಬಲ್ಲಿ ಬಾಡಿಗೆ ಕೋಣೆಯಲ್ಲಿ ತೀರಿಕೊಂಡದ್ದನ್ನೂ, ಅದೇ ಕೋಣೆಗೆ ಬಂದ ಮುಂದಿನ ಬಾಡಿಗೆದಾರನಿಗೆ ಕೆಲವೇ ದಿನಗಳಲ್ಲಿ ಕಾಲರಾ ತಗಲಿದ್ದನ್ನೂ ಸ್ನೋ ಗಮನಿಸಿದನು. ಅದೇ ಪ್ರದೇಶದ ಅಕ್ಕಪಕ್ಕದ ಎರಡು ವಠಾರಗಳ ಪೈಕಿ ಒಂದರಲ್ಲಿ ಹಲವರು ಸತ್ತರೆ ಇನ್ನೊಂದರಲ್ಲಿ ರೋಗ ತೀರ ವಿರಳವಾಗಿತ್ತು. ಎರಡೂ ಕಡೆಯ ಗಾಳಿ ಒಂದೇ. ಹೆಚ್ಚು ಸಾವುಗಳಾದ ವಠಾರದಲ್ಲಿ ಮಾತ್ರ ಬಳಸಿ ಚೆಲ್ಲಿದ ಕೊಳಚೆ ಬಾವಿಯ ನೀರಿಗೆ ಸೇರುತ್ತಿತ್ತು.

1849ರ ಆಗಸ್ಟಿನಲ್ಲಿ ಸ್ನೋ ಕಾಲರಾ ಹರಡುವ ಬಗೆಯನ್ನು ಕುರಿತು ಒಂದು ಕಿರುಹೊತ್ತಗೆಯನ್ನು ಪ್ರಕಟಿಸಿದನು. ಅದರ ವಾದ ರೋಗಲಕ್ಷಣಗಳಿಂದ ಆರಂಭವಾಗುತ್ತದೆ. ವಿಷಗಾಳಿ ಶ್ವಾಸಕೋಶದ ಮೂಲಕ ರಕ್ತಕ್ಕೆ ಸೇರುವುದಾಗಿದ್ದರೆ ಜ್ವರ, ತಲೆನೋವು ಮುಂತಾದ ಸರ್ವಾಂಗದ ಲಕ್ಷಣಗಳು ಮೊದಲು ಕಾಣಬೇಕಾಗಿತ್ತು. ಕಾಲರಾದಲ್ಲಿ ಹಾಗಾಗುವುದಿಲ್ಲ. ಹೊಟ್ಟೆಯಲ್ಲಿ ತಳಮಳ, ಅಕ್ಕಚ್ಚಿನಂತಹ ನೀರು ಭೇದಿ ಮತ್ತು ವಾಂತಿ ಮೊದಲು ಬರುತ್ತವೆ. ಚರ್ಮ ತಣ್ಣಗಾಗುವುದು, ಕಣ್ಣು ಗುಳಿಬೀಳುವುದು, ಸ್ನಾಯು ಸೆಳೆತ, ನಾಡಿ ಕ್ಷೀಣಿಸುವುದು, ಮೂತ್ರ ನಿಲ್ಲುವುದು ಇವೆಲ್ಲ ಆಮೇಲಿನವು. ಕರುಳಿನಿಂದ ನೀರು ಸೋರಿಹೋಗಿ ರಕ್ತ ಗಟ್ಟಿಯಾಗುವುದೇ ಈ ಎರಡನೆಯ ಗುಂಪಿನ ಲಕ್ಷಣಗಳಿಗೆ ಕಾರಣವೆಂದು ಸ್ನೋ ವಿವರಿಸಿದನು. ರಕ್ತನಾಳಕ್ಕೆ ಉಪ್ಪುನೀರು ಹರಿಸಿದಾಗ ರೋಗಿ ಸ್ವಲ್ಪ ಹೊತ್ತಾದರೂ ಚೇತರಿಸಿಕೊಳ್ಳುವುದನ್ನು ಇದಕ್ಕೆ ಸಾಕ್ಷಿಯಾಗಿ ಎತ್ತಿ ತೋರಿಸಿದನು.

ರೋಗ ಕರುಳಿನಲ್ಲಿ ಆರಂಭವಾಗುವುದಾದರೆ ಅದರ ಬೀಜ ನುಂಗಿದ ಪದಾರ್ಥದೊಂದಿಗೆ ಬಂದಿರಬೇಕು. ಅದು ಕರುಳಿನಲ್ಲಿ ವೃದ್ಧಿಯಾಗಿ, ಮಲದೊಂದಿಗೆ ಹೊರಬಿದ್ದು, ತೊಳೆಯದ ಕೈಗಳಿಂದ, ಹಾಸಿಗೆ ಬಟ್ಟೆಗಳಿಂದ ಇಲ್ಲವೆ ನೀರಿನಿಂದ ಮತ್ತೊಬ್ಬರ ಬಾಯಿಗೆ ಸೇರುತ್ತದೆ. ಸೂಕ್ಷ್ಮಜೀವಿಗಳಿಂದ ರೋಗ ಬರುತ್ತದೆಂಬುದು ಇನ್ನೂ ಸ್ಥಾಪಿತವಾಗಿರದ ಕಾಲದಲ್ಲಿ ಸ್ನೋ ಈ ಬೀಜವನ್ನು ಜೀವಕೋಶದಂತೆ ತನ್ನನ್ನು ತಾನೇ ವೃದ್ಧಿಸಿಕೊಳ್ಳುವ ವಸ್ತುವೆಂದು ಊಹಿಸಿದನು. ವೈದ್ಯಕೀಯ ಪತ್ರಿಕೆಗಳು ಹೊತ್ತಗೆಯನ್ನು ಗಮನಿಸಿದರೂ ಸಾಕ್ಷ್ಯ ಸಾಲದೆಂದು ಹೇಳಿದವು.

ಬ್ರಾಡ್ ಸ್ಟ್ರೀಟ್ ಪ್ರಕರಣ

1854ರ ಆಗಸ್ಟ್ 31ರ ರಾತ್ರಿ ಸೋಹೊ ಬಡಾವಣೆಯ ಬ್ರಾಡ್ ಸ್ಟ್ರೀಟ್ ಸುತ್ತಮುತ್ತ ಕಾಲರಾ ಒಮ್ಮೆಗೇ ಸ್ಫೋಟಿಸಿತು. ಹತ್ತು ದಿನಗಳಲ್ಲಿ 500ಕ್ಕೂ ಹೆಚ್ಚು ಮಂದಿ ಸತ್ತರು. ಒಟ್ಟು ಸಾವು 616ಕ್ಕೆ ತಲುಪಿತು. ಬದುಕುಳಿದವರಲ್ಲಿ ಬಹಳಷ್ಟು ಜನ ಮನೆಗಳನ್ನು ಮುಚ್ಚಿ ಊರು ಬಿಟ್ಟರು. ಆಗ ಸ್ನೋ ವಾಸವಾಗಿದ್ದ ಸ್ಯಾಕ್‌ವಿಲ್ ಸ್ಟ್ರೀಟ್ ಅಲ್ಲಿಂದ ಸ್ವಲ್ಪವೇ ದೂರದಲ್ಲಿತ್ತು.

ಸ್ನೋ ಜನನ–ಮರಣ ನೋಂದಣಿ ಕಚೇರಿಯಿಂದ 83 ಸಾವುಗಳ ಪಟ್ಟಿಯನ್ನು ಪಡೆದು ಮನೆಮನೆಗೆ ಹೋಗಿ ವಿಚಾರಿಸಿದನು. ಅವುಗಳಲ್ಲಿ 73 ಸಾವುಗಳು ಬ್ರಾಡ್ ಸ್ಟ್ರೀಟಿನ ಪಂಪಿಗೆ ಹತ್ತಿರವಾದ ಮನೆಗಳಲ್ಲಿ ಸಂಭವಿಸಿದ್ದವು. ಈ 73 ಮಂದಿಯಲ್ಲಿ 61 ಮಂದಿ ಆ ಪಂಪಿನ ನೀರು ಕುಡಿದಿದ್ದರು, 6 ಮಂದಿ ಕುಡಿದಿರಲಿಲ್ಲ, ಉಳಿದ 6 ಮಂದಿಯ ಬಗ್ಗೆ ಮಾಹಿತಿ ದೊರೆಯಲಿಲ್ಲ. ಬೇರೆ ಪಂಪಿಗೆ ಹತ್ತಿರವಿದ್ದ ಮನೆಗಳಲ್ಲಿ ಸತ್ತ 10 ಮಂದಿಯಲ್ಲಿ 5 ಕುಟುಂಬಗಳವರು ಬ್ರಾಡ್ ಸ್ಟ್ರೀಟಿನ ನೀರನ್ನೇ ತರಿಸುತ್ತಿದ್ದರು. ಇನ್ನು ಮೂವರು ಆ ಪಂಪಿನ ಬಳಿಯ ಶಾಲೆಗೆ ಹೋಗುತ್ತಿದ್ದ ಮಕ್ಕಳು.

ರೋಗ ತಗಲದವರ ವಿವರಗಳೂ ಅಷ್ಟೇ ಮುಖ್ಯವಾಗಿದ್ದವು. ಹತ್ತಿರದ ನಿರ್ಗತಿಕರ ದುಡಿಮೆಶಾಲೆಯಲ್ಲಿ 535 ಮಂದಿ ಇದ್ದರೂ ಕಾಲರಾದಿಂದ ಸತ್ತವರು ಐವರು ಮಾತ್ರ. ಅಲ್ಲಿ ಸ್ವಂತ ಬಾವಿ ಇತ್ತು. ಬ್ರಾಡ್ ಸ್ಟ್ರೀಟಿನಲ್ಲೇ ಇದ್ದ ಬಿಯರ್ ತಯಾರಿಕೆಯ ಕಾರ್ಖಾನೆಯ ಸುಮಾರು 70 ಕೆಲಸಗಾರರಲ್ಲಿ ಒಬ್ಬರೂ ಸಾಯಲಿಲ್ಲ. ಅವರಿಗೆ ಕುಡಿಯಲು ಬಿಯರ್ ಸಿಗುತ್ತಿತ್ತು, ಅಲ್ಲಿಯೂ ಪ್ರತ್ಯೇಕ ಬಾವಿ ಇತ್ತು. ಬಂದೂಕಿನ ಕೇಪು ತಯಾರಿಸುವ ಕಾರ್ಖಾನೆಯಲ್ಲಿ ಪಂಪಿನ ನೀರನ್ನು ತೊಟ್ಟಿಗಳಲ್ಲಿ ತುಂಬಿಡುತ್ತಿದ್ದರು. ಅಲ್ಲಿನ ಸುಮಾರು 200 ಕೆಲಸಗಾರರಲ್ಲಿ 18 ಮಂದಿ ಸತ್ತರು.

ದೂರದ ಹ್ಯಾಂಪ್‌ಸ್ಟೆಡ್ ಪ್ರದೇಶದಲ್ಲಿ ಒಬ್ಬ ವಿಧವೆಯ ಸಾವು ಎಲ್ಲಕ್ಕಿಂತ ಬಲವಾದ ಸಾಕ್ಷ್ಯವನ್ನು ಒದಗಿಸಿತು. ಆಕೆ ಬಹಳ ತಿಂಗಳುಗಳಿಂದ ಬ್ರಾಡ್ ಸ್ಟ್ರೀಟಿಗೆ ಕಾಲಿಟ್ಟಿರಲಿಲ್ಲ. ಆದರೆ ಅಲ್ಲಿನ ನೀರಿನ ರುಚಿಯನ್ನು ಮೆಚ್ಚಿ ದಿನವೂ ಗಾಡಿಯಲ್ಲಿ ತರಿಸಿಕೊಳ್ಳುತ್ತಿದ್ದಳು. ಆಗಸ್ಟ್ 31ರಂದು ತಂದ ನೀರನ್ನು ಕುಡಿದು ಸೆಪ್ಟೆಂಬರ್ 2ರಂದು ತೀರಿಕೊಂಡಳು. ಆಕೆಯನ್ನು ನೋಡಲು ಬಂದು ಅದೇ ನೀರು ಕುಡಿದ ಸೋದರಿಯ ಮಗಳೂ ಇಸ್ಲಿಂಗ್ಟನ್ನಿನ ತನ್ನ ಮನೆಗೆ ಮರಳಿ ಸತ್ತಳು. ಆ ಎರಡೂ ಪ್ರದೇಶಗಳಲ್ಲಿ ಆಗ ಕಾಲರಾ ಇರಲಿಲ್ಲ.

ಸೆಪ್ಟೆಂಬರ್ 7ರ ಸಂಜೆ ಸ್ನೋ ಸೇಂಟ್ ಜೇಮ್ಸ್ ಪ್ಯಾರಿಷ್‌ನ ಆಡಳಿತ ಮಂಡಳಿಯ ಮುಂದೆ ಈ ಸಂಗತಿಗಳನ್ನಿಟ್ಟನು. ಸದಸ್ಯರಿಗೆ ಪೂರ್ಣ ನಂಬಿಕೆ ಬಾರದಿದ್ದರೂ ಮರುದಿನ, ಸೆಪ್ಟೆಂಬರ್ 8ರಂದು, ಪಂಪಿನ ಹಿಡಿಕೆಯನ್ನು ತೆಗೆಸಿದರು. ಜನರು ಬಡಾವಣೆಯನ್ನು ತೊರೆದುದರಿಂದ ಆ ವೇಳೆಗೆ ಸಾವುಗಳು ಇಳಿಮುಖವಾಗಿದ್ದವು. ಹಿಡಿಕೆ ತೆಗೆದದ್ದೇ ರೋಗವನ್ನು ನಿಲ್ಲಿಸಿತೆಂದು ಖಚಿತವಾಗಿ ಹೇಳಲಾಗದೆಂದು ಸ್ನೋ ಸ್ವತಃ ಬರೆದನು.

ಸ್ಥಳೀಯ ಚರ್ಚಿನ ಸಹಾಯಕ ಪಾದ್ರಿ ಹೆನ್ರಿ ವೈಟ್‌ಹೆಡ್ ಮೊದಲಿಗೆ ಸ್ನೋನ ವಾದವನ್ನು ತಪ್ಪೆಂದು ತೋರಿಸಲು ಹೊರಟವನು. ತನ್ನ ಪರಿಚಯದ ಕುಟುಂಬಗಳನ್ನು ಮತ್ತೆ ಮತ್ತೆ ಕಂಡು ವಿಚಾರಿಸಿದಂತೆ ಅವನ ಅಭಿಪ್ರಾಯ ಬದಲಾಯಿತು. ಪಂಪಿಗೆ ಎದುರಾಗಿದ್ದ 40ನೆಯ ನಂಬರಿನ ಮನೆಯಲ್ಲಿ ಪೊಲೀಸ್ ಪೇದೆಯೊಬ್ಬನ ಹಸುಗೂಸು ಆಗಸ್ಟ್ ಕೊನೆಯಲ್ಲಿ ಭೇದಿಯಿಂದ ನರಳಿ ಸೆಪ್ಟೆಂಬರ್ 2ರಂದು ಸತ್ತದ್ದನ್ನು ಅವನು ಪತ್ತೆಹಚ್ಚಿದನು. ಮಗುವಿನ ಬಟ್ಟೆ ತೊಳೆದ ನೀರನ್ನು ತಾಯಿ ಮನೆಯ ಮಲಗುಂಡಿಗೆ ಸುರಿದಿದ್ದಳು. 1855ರಲ್ಲಿ ಅಗೆದು ನೋಡಿದಾಗ ಆ ಗುಂಡಿಯ ಇಟ್ಟಿಗೆ ಶಿಥಿಲವಾಗಿದ್ದು ಹೊಲಸು ಬಾವಿಗೆ ಜಿನುಗುತ್ತಿದ್ದುದು ಕಂಡುಬಂತು. ಮಗುವಿನ ತಂದೆಗೆ ಕಾಲರಾ ತಗಲಿದ್ದು ಪಂಪಿನ ಹಿಡಿಕೆ ತೆಗೆದ ದಿನವೇ. ಪಂಪು ತೆರೆದೇ ಇದ್ದಿದ್ದರೆ ಅದೇ ಬಾವಿಯಿಂದ ರೋಗ ಎರಡನೆಯ ಬಾರಿ ಹರಡುವ ಸಂಭವವಿತ್ತು.

ಎರಡು ನೀರಿನ ಕಂಪನಿಗಳ ಹೋಲಿಕೆ

ಬ್ರಾಡ್ ಸ್ಟ್ರೀಟಿಗಿಂತಲೂ ದೊಡ್ಡ ಪುರಾವೆ ಥೇಮ್ಸ್ ನದಿಯ ದಕ್ಷಿಣದ ಬಡಾವಣೆಗಳಲ್ಲಿ ದೊರೆಯಿತು. ಅಲ್ಲಿ ಸದರ್ಕ್–ವಾಕ್ಸ್‌ಹಾಲ್ ಮತ್ತು ಲ್ಯಾಂಬೆತ್ ಎಂಬ ಎರಡು ಕಂಪನಿಗಳು ಒಂದೇ ಬೀದಿಯ ಮನೆಗಳಿಗೆ ಪೈಪೋಟಿಯಿಂದ ನೀರು ಪೂರೈಸುತ್ತಿದ್ದವು. ಲ್ಯಾಂಬೆತ್ ಕಂಪನಿ 1852ರಲ್ಲಿ ನೀರೆತ್ತುವ ಸ್ಥಾನವನ್ನು ನಗರದ ಹೊಲಸು ಸೇರದ ಮೇಲ್ದಂಡೆಯ ಥೇಮ್ಸ್ ಡಿಟನ್ನಿಗೆ ಬದಲಿಸಿತ್ತು. ಇನ್ನೊಂದು ಕಂಪನಿ ನಗರದೊಳಗಿನ ನದಿಯ ನೀರನ್ನೇ ಕೊಡುತ್ತಿತ್ತು. ಬಡವ–ಬಲ್ಲಿದ, ಗಾಳಿ, ಮನೆಯ ಸ್ಥಿತಿ ಇವುಗಳಲ್ಲಿ ಎರಡೂ ಗುಂಪುಗಳಿಗೆ ವ್ಯತ್ಯಾಸವಿರಲಿಲ್ಲ.

ಸ್ನೋ ಸತ್ತವರ ಮನೆಗಳಿಗೆ ಹೋಗಿ ನೀರು ಯಾವ ಕಂಪನಿಯದೆಂದು ಕೇಳಿದನು. ಅನೇಕರಿಗೆ ಅದು ತಿಳಿದಿರಲಿಲ್ಲ. ಆಗ ಆ ಮನೆಯ ನೀರನ್ನು ಸಿಲ್ವರ್ ನೈಟ್ರೇಟಿನಿಂದ ಪರೀಕ್ಷಿಸಿ ಉಪ್ಪಿನ ಅಂಶದ ಮೇಲೆ ಕಂಪನಿಯನ್ನು ಗುರುತಿಸಿದನು. ಸದರ್ಕ್–ವಾಕ್ಸ್‌ಹಾಲ್ ನೀರಿನಲ್ಲಿ ಉಪ್ಪು ಲ್ಯಾಂಬೆತ್ ನೀರಿಗಿಂತ ಸುಮಾರು 40 ಪಟ್ಟು ಹೆಚ್ಚಾಗಿತ್ತು. 1854ರ ಸಾಂಕ್ರಾಮಿಕದ ಮೊದಲ ಏಳು ವಾರಗಳಲ್ಲಿ ಸದರ್ಕ್–ವಾಕ್ಸ್‌ಹಾಲ್ ನೀರು ಪಡೆದ 40,046 ಮನೆಗಳಲ್ಲಿ 1,263 ಸಾವುಗಳೂ, ಲ್ಯಾಂಬೆತ್ ನೀರು ಪಡೆದ 26,107 ಮನೆಗಳಲ್ಲಿ 98 ಸಾವುಗಳೂ ಸಂಭವಿಸಿದ್ದವು. 10,000 ಮನೆಗಳಿಗೆ ಲೆಕ್ಕಹಾಕಿದರೆ ಮೊದಲನೆಯದರಲ್ಲಿ 315, ಎರಡನೆಯದರಲ್ಲಿ 37. ಈ ಫಲಿತಾಂಶಗಳನ್ನೂ ಬ್ರಾಡ್ ಸ್ಟ್ರೀಟಿನ ನಕ್ಷೆಯನ್ನೂ ಸೇರಿಸಿ 1855ರಲ್ಲಿ ತನ್ನ ಹೊತ್ತಗೆಯ ವಿಸ್ತೃತ ಎರಡನೆಯ ಆವೃತ್ತಿಯನ್ನು ಸ್ವಂತ ಖರ್ಚಿನಲ್ಲಿ ಹೊರತಂದನು. ಖರ್ಚಾದ ಹಣದಲ್ಲಿ ಅಲ್ಪ ಭಾಗವೂ ಮರಳಲಿಲ್ಲ.

ಮುನ್ನೆಚ್ಚರಿಕೆಯ ಸಲಹೆಗಳು

ಎರಡನೆಯ ಆವೃತ್ತಿಯ ಕೊನೆಯಲ್ಲಿ ಸ್ನೋ ಜನಸಾಮಾನ್ಯರು ಪಾಲಿಸಬಹುದಾದ ಕ್ರಮಗಳನ್ನು ಪಟ್ಟಿಮಾಡಿದನು. ರೋಗಿಯ ಕೋಣೆಯಲ್ಲಿ ನೀರು, ಬೋಗುಣಿ ಮತ್ತು ಒರೆಸುವ ಬಟ್ಟೆ ಇರಬೇಕು. ಆರೈಕೆ ಮಾಡುವವರು ಆಹಾರ ಮುಟ್ಟುವ ಮೊದಲು ಕೈತೊಳೆಯಬೇಕು. ರೋಗಿಯ ಬಟ್ಟೆಗಳನ್ನು ಒಣಗಲು ಬಿಡದೆ ಕೂಡಲೇ ನೀರಿನಲ್ಲಿ ನೆನೆಸಬೇಕು. ಚರಂಡಿ ಅಥವಾ ಮಲಗುಂಡಿಯ ಸಂಪರ್ಕವಿರುವ ನೀರನ್ನು ಕುಡಿಯಬಾರದು. ಬೇರೆ ನೀರು ಸಿಗದಿದ್ದರೆ ಕುದಿಸಿ ಸೋಸಬೇಕು. ಗಣಿ ಕಾರ್ಮಿಕರು ಆಹಾರವನ್ನು ಗಣಿಯೊಳಗೆ ಒಯ್ಯಬೇಕಾಗದಂತೆ ಎಂಟು ಗಂಟೆಗಳ ಬದಲು ನಾಲ್ಕು ಗಂಟೆಗಳ ಪಾಳಿ ಇರಬೇಕು.

ರೋಗ ಅಂಟುವಂಥದೆಂಬ ಸತ್ಯವನ್ನು ಜನರಿಂದ ಮುಚ್ಚಿಡಬಾರದೆಂಬುದು ಈತನ ನಿಲುವಾಗಿತ್ತು. ಹರಡುವ ದಾರಿ ತಿಳಿದರೆ ಸರಳವಾದ ಶುಚಿತ್ವದಿಂದ ಅದನ್ನು ತಡೆಯಬಹುದು ಮತ್ತು ರೋಗಿಯ ಬಳಿ ಹೋಗಲು ಯಾರೂ ಹೆದರಬೇಕಾಗಿಲ್ಲ ಎಂದು ಈತ ನಂಬಿದ್ದನು.

ವಿರೋಧ

ಸರ್ಕಾರದ ಆರೋಗ್ಯ ಮಂಡಳಿ ನೇಮಿಸಿದ್ದ ವೈಜ್ಞಾನಿಕ ಸಮಿತಿ 1855ರ ವರದಿಯಲ್ಲಿ ಸ್ನೋನ ವಿವರಣೆಯನ್ನು ತಳ್ಳಿಹಾಕಿತು. ಅದೇ ವರ್ಷ ಮೂಳೆ ಕುದಿಸುವುದು ಮುಂತಾದ ದುರ್ವಾಸನೆಯ ಉದ್ಯಮಗಳನ್ನು ನಿಯಂತ್ರಿಸುವ ಮಸೂದೆ ಪಾರ್ಲಿಮೆಂಟಿನ ಮುಂದೆ ಬಂದಾಗ, ವಾಸನೆ ಸಾಂಕ್ರಾಮಿಕ ರೋಗಗಳಿಗೆ ಕಾರಣವಲ್ಲವೆಂದು ಈತ ಸಾಕ್ಷ್ಯ ನುಡಿದನು. ದಿ ಲ್ಯಾನ್ಸೆಟ್ ಪತ್ರಿಕೆ ಇದನ್ನು ಕಟುವಾಗಿ ಟೀಕಿಸಿತು.

ವಿರೋಧಕ್ಕೆ ಕಾರಣಗಳಿಲ್ಲದಿರಲಿಲ್ಲ. ಕಲುಷಿತ ನೀರಿನಲ್ಲಿರುವ ರೋಗಬೀಜವನ್ನು ಸ್ನೋ ಸೂಕ್ಷ್ಮದರ್ಶಕದಲ್ಲಿ ತೋರಿಸಲಾಗಲಿಲ್ಲ. ಇಟಲಿಯ ಫಿಲಿಪ್ಪೊ ಪಾಚಿನಿ 1854ರಲ್ಲೇ ಕಾಲರಾ ರೋಗಿಗಳ ಕರುಳಿನಲ್ಲಿ ಬಾಗಿದ ಸೂಕ್ಷ್ಮಜೀವಿಗಳನ್ನು ಕಂಡು ವರ್ಣಿಸಿದ್ದರೂ ಆ ಬರೆಹ ಗಮನಕ್ಕೆ ಬರಲಿಲ್ಲ. ಜೊತೆಗೆ, ವಾಸನೆಯೇ ರೋಗವೆಂಬ ನಂಬಿಕೆಯ ಮೇಲೆ ಇಡೀ ನೈರ್ಮಲ್ಯ ಆಡಳಿತ ನಿಂತಿತ್ತು.

ಮರಣ

ಸ್ನೋ ಮಿತಭಾಷಿ, ಸರಳ ಜೀವಿ. ಅವಿವಾಹಿತನಾಗಿಯೇ ಉಳಿದನು. 1858ರ ಜೂನ್ 10ರಂದು ಕ್ಲೋರೋಫಾರಂ ಕುರಿತ ಗ್ರಂಥವನ್ನು ಬರೆಯುತ್ತಿದ್ದಾಗ ಪಾರ್ಶ್ವವಾಯು ಬಡಿದು, ಜೂನ್ 16ರಂದು 45ನೆಯ ವಯಸ್ಸಿನಲ್ಲಿ ನಿಧನನಾದನು. ಸಮಾಧಿ ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿದೆ. ಗೆಳೆಯ ಬೆಂಜಮಿನ್ ವಾರ್ಡ್ ರಿಚರ್ಡ್‌ಸನ್ ಆ ಗ್ರಂಥವನ್ನು ಅದೇ ವರ್ಷ ಜೀವನಚರಿತ್ರೆಯೊಂದಿಗೆ ಪ್ರಕಟಿಸಿದನು. ದಿ ಲ್ಯಾನ್ಸೆಟ್‌ನ ಚಿಕ್ಕ ಮರಣವಾರ್ತೆಯಲ್ಲಿ ಕಾಲರಾ ಕುರಿತ ಕೆಲಸದ ಉಲ್ಲೇಖವೇ ಇರಲಿಲ್ಲ. 2013ರಲ್ಲಿ, ಸ್ನೋ ಹುಟ್ಟಿ 200 ವರ್ಷಗಳಾದಾಗ, ಪತ್ರಿಕೆ ಆ ಲೋಪವನ್ನು ತಿದ್ದಿ ಪ್ರಕಟಿಸಿತು.

ಸ್ನೋ ಸತ್ತ ತಿಂಗಳಲ್ಲೇ ಥೇಮ್ಸ್ ನದಿಯ ದುರ್ನಾತ ಪಾರ್ಲಿಮೆಂಟನ್ನು ಕಂಗೆಡಿಸಿತು. ಅದರ ಫಲವಾಗಿ ಜೋಸೆಫ್ ಬ್ಯಾಜಲ್ಜೆಟ್ ಎಂಬ ಎಂಜಿನಿಯರನ ನೇತೃತ್ವದಲ್ಲಿ ಬೃಹತ್ ಒಳಚರಂಡಿಗಳ ನಿರ್ಮಾಣ ಆರಂಭವಾಯಿತು. ವಾಸನೆಯನ್ನು ನೀಗಲು ಕಟ್ಟಿದ ಈ ಚರಂಡಿಗಳು ಕುಡಿಯುವ ನೀರಿನಿಂದ ಹೊಲಸನ್ನು ಬೇರ್ಪಡಿಸಿ ಕಾಲರಾವನ್ನು ತಡೆದವು. 1866ರಲ್ಲಿ ಚರಂಡಿ ಕಾಮಗಾರಿ ಮುಗಿಯದಿದ್ದ ಪೂರ್ವ ಲಂಡನ್ನಿನಲ್ಲಿ ಮಾತ್ರ ಕಾಲರಾ ತೀವ್ರವಾಗಿ ಹರಡಿದಾಗ, ಹಿಂದೆ ಮಯಾಸ್ಮಾ ಸಿದ್ಧಾಂತವನ್ನು ನಂಬಿದ್ದ ವಿಲಿಯಂ ಫಾರ್ ನೀರೇ ಕಾರಣವೆಂದು ಸಾಧಿಸಿ ತೋರಿಸಿದನು. ಲಂಡನ್ನಿನಲ್ಲಿ ಕಾಲರಾ ದೊಡ್ಡ ಪ್ರಮಾಣದಲ್ಲಿ ಕಾಣಿಸಿಕೊಂಡದ್ದು ಅದೇ ಕೊನೆ.

ನಂತರದ ಸಂಶೋಧನೆಗಳು

1884ರಲ್ಲಿ ಜರ್ಮನಿಯ ರಾಬರ್ಟ್ ಕಾಖ್ ಕಲ್ಕತ್ತೆಯಲ್ಲಿ ಕಾಲರಾ ಬ್ಯಾಕ್ಟೀರಿಯಾವನ್ನು ಪ್ರತ್ಯೇಕಿಸಿದನು. 1959ರಲ್ಲಿ ಕಲ್ಕತ್ತೆಯ ಶಂಭುನಾಥ ಡೇ ಈ ಬ್ಯಾಕ್ಟೀರಿಯಾ ಸ್ರವಿಸುವ ವಿಷವೇ ಕರುಳಿನಿಂದ ನೀರು ಹರಿಯುವಂತೆ ಮಾಡುತ್ತದೆಂದು ತೋರಿಸಿದರು. ಇದರಿಂದ ಸ್ನೋನ ವಾದದ ಎರಡೂ ಭಾಗಗಳು, ಅಂದರೆ ರೋಗ ಕರುಳಿಗೆ ಸೀಮಿತವೆಂಬುದೂ ಸಾವು ನೀರಿನ ನಷ್ಟದಿಂದ ಎಂಬುದೂ, ದೃಢಪಟ್ಟವು.

ಭೇದಿ ನಡೆಯುತ್ತಿರುವಾಗಲೂ ಸಣ್ಣಕರುಳು ಗ್ಲೂಕೋಸಿನ ಜೊತೆಗೆ ಉಪ್ಪನ್ನೂ ಅದರೊಂದಿಗೆ ನೀರನ್ನೂ ಹೀರಬಲ್ಲದು. ಈ ಅರಿವಿನಿಂದ 1960ರ ದಶಕದಲ್ಲಿ ಢಾಕಾ ಮತ್ತು ಕಲ್ಕತ್ತೆಗಳಲ್ಲಿ ಬಾಯಿಯ ಮೂಲಕ ಕೊಡುವ ಪುನರ್ಜಲೀಕರಣ ದ್ರಾವಣ (ಓ.ಆರ್.ಎಸ್.) ರೂಪುಗೊಂಡಿತು. 1971ರಲ್ಲಿ ಬಾಂಗ್ಲಾದೇಶ ವಿಮೋಚನಾ ಯುದ್ಧದ ನಿರಾಶ್ರಿತರ ನಡುವೆ ಕಾಲರಾ ಹರಡಿದಾಗ ಬನಗಾಂವ್ ಶಿಬಿರದಲ್ಲಿ ರಕ್ತನಾಳಕ್ಕೆ ಕೊಡುವ ದ್ರಾವಣ ಸಾಕಾಗಲಿಲ್ಲ. ಡಾ. ದಿಲೀಪ್ ಮಹಲನಬೀಸ್ ರೋಗಿಗಳ ಮನೆಯವರ ಕೈಗೇ ಓ.ಆರ್.ಎಸ್. ಕೊಟ್ಟು ಕುಡಿಸುವಂತೆ ಮಾಡಿದರು. ಸುಮಾರು ಶೇ. 30ರಷ್ಟಿದ್ದ ಮರಣ ಪ್ರಮಾಣ ಶೇ. 4ಕ್ಕಿಂತ ಕೆಳಗಿಳಿಯಿತು.

ಅತಿಸಾರದ ಇಂದಿನ ಆರೈಕೆ

ದಿನಕ್ಕೆ ಮೂರು ಅಥವಾ ಹೆಚ್ಚು ಬಾರಿ ನೀರಾದ ಮಲವಿಸರ್ಜನೆಯಾಗುವುದನ್ನು ಅತಿಸಾರವೆನ್ನುತ್ತಾರೆ. ಹೆಚ್ಚಿನ ಪ್ರಕರಣಗಳು ಕೆಲವೇ ದಿನಗಳಲ್ಲಿ ತಾವಾಗಿ ನಿಲ್ಲುತ್ತವೆ. ಅಲ್ಲಿಯವರೆಗೆ ಕಳೆದುಹೋದ ನೀರು ಮತ್ತು ಲವಣಗಳನ್ನು ತುಂಬುವುದೇ ಮುಖ್ಯ ಚಿಕಿತ್ಸೆ. ಆರೋಗ್ಯವಂತ ವಯಸ್ಕರಲ್ಲಿ ಜ್ವರವಾಗಲಿ ರಕ್ತವಾಗಲಿ ಇಲ್ಲದ ಸಾಧಾರಣ ಭೇದಿಯನ್ನು ಮನೆಯಲ್ಲೇ ನಿಭಾಯಿಸಬಹುದು. ಓ.ಆರ್.ಎಸ್. ಪೊಟ್ಟಣವನ್ನು ಅದರ ಮೇಲೆ ನಮೂದಿಸಿದಷ್ಟೇ ಶುದ್ಧ ನೀರಿನಲ್ಲಿ ಕರಗಿಸಿ ಗುಟುಕು ಗುಟುಕಾಗಿ ಕುಡಿಸಲಾಗುತ್ತದೆ. ಪೊಟ್ಟಣ ಸಿಗದಿದ್ದಲ್ಲಿ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ ಮತ್ತು ಅರ್ಧ ಸಮ ಟೀ ಚಮಚ ಉಪ್ಪು ಬೆರೆಸುವುದು ರೂಢಿ. ಉಪ್ಪು ಹೆಚ್ಚಾದರೆ ಅಪಾಯ. ಗಂಜಿ ಮುಂತಾದ ಹಗುರ ಆಹಾರವನ್ನೂ ಕೂಸುಗಳಿಗೆ ಎದೆಹಾಲನ್ನೂ ನಿಲ್ಲಿಸಬಾರದು. ಮಕ್ಕಳಿಗೆ ಸತುವಿನ ಮಾತ್ರೆಯನ್ನು 10ರಿಂದ 14 ದಿನ ಕೊಡುವಂತೆ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡುತ್ತದೆ. ಭೇದಿ ಕಟ್ಟುವ ಮಾತ್ರೆಗಳನ್ನು ಚಿಕ್ಕ ಮಕ್ಕಳಿಗೂ, ರಕ್ತಭೇದಿ ಇರುವವರಿಗೂ ಸ್ವಂತ ನಿರ್ಧಾರದಿಂದ ಕೊಡಬಾರದು.

ಈ ಕೆಳಗಿನ ಸಂದರ್ಭಗಳಲ್ಲಿ ಮನೆ ಆರೈಕೆ ಸಾಲದು, ವೈದ್ಯರನ್ನು ಕಾಣುವುದು ಅಗತ್ಯ:

• ಮಲದಲ್ಲಿ ರಕ್ತ, ತೀವ್ರ ಜ್ವರ ಅಥವಾ ತೀವ್ರ ಹೊಟ್ಟೆನೋವು ಇದ್ದಾಗ
• ಅಕ್ಕಚ್ಚಿನಂತಹ ಭೇದಿ ಧಾರಾಳವಾಗಿ ಆಗುತ್ತಿರುವಾಗ
• ವಾಂತಿಯಿಂದ ಕುಡಿದದ್ದು ಒಳಗೆ ನಿಲ್ಲದಿದ್ದಾಗ
• ಕಣ್ಣು ಗುಳಿಬಿದ್ದು, ಬಾಯಿ ಒಣಗಿ, ಮೂತ್ರ ಬಹಳ ಕಡಿಮೆಯಾದಾಗ
• ರೋಗಿ ಮಂಕಾಗಿ, ಕುಡಿಯಲಾರದ ಸ್ಥಿತಿಗೆ ಬಂದಾಗ
• ವಯಸ್ಕರಲ್ಲಿ ಎರಡು ದಿನ ಕಳೆದರೂ ಸುಧಾರಣೆ ಕಾಣದಿದ್ದಾಗ
• ರೋಗಿ ಹಸುಗೂಸು, ವೃದ್ಧರು, ಗರ್ಭಿಣಿ ಅಥವಾ ಬೇರೆ ಕಾಯಿಲೆಯಿಂದ ದುರ್ಬಲರಾಗಿದ್ದಾಗ

ಇವುಗಳಲ್ಲಿ ಗುಳಿಬಿದ್ದ ಕಣ್ಣು, ನಿಂತುಹೋದ ಮೂತ್ರ ಮತ್ತು ಕುಸಿತ ಸ್ನೋ 1849ರಲ್ಲಿ ನೀರಿನ ನಷ್ಟದ ಫಲವೆಂದು ಗುರುತಿಸಿದ್ದ ಲಕ್ಷಣಗಳೇ. ಆಸ್ಪತ್ರೆಗೆ ಸಾಗಿಸುವಾಗಲೂ ರೋಗಿ ಕುಡಿಯಬಲ್ಲನಾದರೆ ಓ.ಆರ್.ಎಸ್. ಕುಡಿಸುತ್ತಿರಬೇಕು.

ಸ್ಮರಣೆ

ಬ್ರಾಡ್ ಸ್ಟ್ರೀಟಿಗೆ ಈಗ ಬ್ರಾಡ್ವಿಕ್ ಸ್ಟ್ರೀಟ್ ಎಂದು ಹೆಸರು. ಅಲ್ಲಿ ಹಿಡಿಕೆಯಿಲ್ಲದ ಪಂಪಿನ ಪ್ರತಿಕೃತಿಯನ್ನು ನಿಲ್ಲಿಸಲಾಗಿದೆ. ಹತ್ತಿರದ ಒಂದು ಮದ್ಯದಂಗಡಿಗೆ, ಬದುಕಿನ ಬಹುಭಾಗ ಮದ್ಯ ಮುಟ್ಟದ ಈತನ ಹೆಸರನ್ನೇ ಇಡಲಾಗಿದೆ. ಜಾನ್ ಸ್ನೋ ಸೊಸೈಟಿ ಪ್ರತಿವರ್ಷ ಪಂಪ್ ಹ್ಯಾಂಡಲ್ ಉಪನ್ಯಾಸವನ್ನು ಏರ್ಪಡಿಸುತ್ತದೆ. ಉಪನ್ಯಾಸದ ವೇಳೆ ಪಂಪಿನ ಹಿಡಿಕೆಯೊಂದನ್ನು ತೆಗೆದು ಮತ್ತೆ ಜೋಡಿಸುವುದು ವಾಡಿಕೆ.